ಗಿರ್ಮಿಟ್ ಕಾಯೋದಿಲ್ಲ

ಕಲಸಿದ ಗಿರ್ಮಿಟ್‌ಗೆ ಆಯುಷ್ಯ ಐದು ನಿಮಿಷ. ಚುರಮುರಿಗೆ, ಅಂದರೆ ಮಂಡಕ್ಕಿಗೆ, ಹುಳಿಖಾರದ ಗೊಜ್ಜು ಕಲಸಿ ಕೊಡುವ ಉತ್ತರ ಕರ್ನಾಟಕದ ತಿಂಡಿ ಇದು. ಗೊಜ್ಜಿನಲ್ಲಿ ಎಣ್ಣೆ ಸರಿಯಾಗಿದ್ದು, ಹೊರಗೆ ಮಳೆ ಇಲ್ಲದಿದ್ದರೆ ಏಳೆಂಟು ನಿಮಿಷದವರೆಗೆ ಎಳೆಯಬಹುದು. ಅದರಾಚೆ ಚುರಮುರಿ ಗೊಜ್ಜು ಕುಡಿದು ಮೆತ್ತಗಾಗುತ್ತದೆ, ಪುಠಾಣಿ ಹಿಟ್ಟು, ಅಂದರೆ ದಕ್ಷಿಣದವರ ಹುರಿಗಡಲೆ ಪುಡಿ, ಅಂಟಾಗುತ್ತದೆ, ತಟ್ಟೆಯಲ್ಲಿ ಉಳಿಯುವುದು ಹುಳಿಖಾರದ ಒಂದು ಮುದ್ದೆ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಜೆ ಗಾಡಿಗಳ ಸುತ್ತ ಸೇರುವ ಜನರ ಬಗ್ಗೆ ಏನೇ ಹೇಳಬೇಕೆಂದರೂ ಈ ಐದು ನಿಮಿಷದಿಂದಲೇ ಶುರು ಮಾಡಬೇಕು. ಮುಂಚೆಯೇ ಕಲಸಿಟ್ಟು ಮಾರಲು ಬರುವುದಿಲ್ಲ. ಡಬ್ಬಿಗೆ ಹಾಕಿ, ಬೈಕಿನ ಮೇಲೆ ಮನೆಗೆ ಕಳಿಸಲೂ ಬರುವುದಿಲ್ಲ. ತಿನ್ನುವವರು ಗಾಡಿಯ ಹತ್ತಿರ ಬರಲೇಬೇಕು, ಸರದಿಗೆ ನಿಲ್ಲಲೇಬೇಕು, ಕೈಗೆ ಬಂದ ಕೂಡಲೇ ಅಲ್ಲೇ ತಿನ್ನಲೇಬೇಕು. ಈ ಮೂರು ‘ಲೇಬೇಕು’ಗಳೇ ಆ ಗುಂಪನ್ನು ಅಲ್ಲಿ ಕಟ್ಟಿಹಾಕಿರುವುದು.

ಹುಬ್ಬಳ್ಳಿಯ ದುರ್ಗದಬೈಲ್, ನೃಪತುಂಗ ಬೆಟ್ಟ, ಉಣಕಲ್ ಕೆರೆಯ ದಂಡೆ, ಧಾರವಾಡದ ಕಾಲೇಜುಗಳ ಗೇಟು — ಸಂಜೆ ನಾಲ್ಕೂವರೆ ದಾಟಿತೆಂದರೆ ಗಾಡಿಗಳು ಬಂದು ನಿಲ್ಲುತ್ತವೆ. ಧಾರವಾಡ 1917ರಿಂದ ಕರ್ನಾಟಕ ಕಾಲೇಜು ಇರುವ ಊರು. ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯ ಬಂತು, 1986ರಲ್ಲಿ ಕೃಷಿ ವಿಶ್ವವಿದ್ಯಾಲಯವೂ ಆಯಿತು. ಹಾಸ್ಟೆಲಿನ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಏಳು ತಾಸಿನ ಅಂತರ. ಆ ಅಂತರದ ಹಸಿವಿನ ಮೇಲೆ ಬದುಕಿದ ಗಾಡಿಗಳು ಈ ಊರಲ್ಲಿ ಎಷ್ಟೋ.

ಹೊರಗಿನವರಿಗೆ ಒಂದು ಗೊಂದಲವಿದೆ. ಮೈಸೂರು-ಬೆಂಗಳೂರಿನವರು ‘ಚುರುಮುರಿ’ ಎಂದರೆ ತುರಿದ ಕ್ಯಾರೆಟ್ಟು, ಹಸಿ ಈರುಳ್ಳಿ ಹಾಕಿ ಕಲಸಿದ ಪುರಿ. ಮಂಗಳೂರಿನ ‘ಚರುಮುರಿ’ಗೆ ತೆಂಗಿನೆಣ್ಣೆ, ಮಾವಿನಕಾಯಿ ಬೀಳುತ್ತದೆ. ದಾವಣಗೆರೆಯವರದು ಮಂಡಕ್ಕಿ-ಮೆಣಸಿನಕಾಯಿ. ಗಿರ್ಮಿಟ್ ಇವುಗಳಿಂದ ಬೇರೆಯಾಗುವುದು ಎರಡೇ ಕಡೆ: ಇದರಲ್ಲಿ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಬೇಯಿಸಿ, ಹುಣಸೆ-ಬೆಲ್ಲ ಹಾಕಿ ಕುದಿಸಿದ ಗೊಜ್ಜು ಇರುತ್ತದೆ. ಮೇಲೆ ಪುಠಾಣಿ ಹಿಟ್ಟು ಬೀಳುತ್ತದೆ. ಮೆತ್ತಗಿನದೇ ಬೇಕು ಅನ್ನುವವರಿಗೆ ಸೂಸಲ ಇದೆ. ಅಲ್ಲಿ ಚುರಮುರಿಯನ್ನು ಬೇಕೆಂದೇ ನೀರಲ್ಲಿ ನೆನೆಸಿ ಹಿಂಡಿ ಒಗ್ಗರಣೆ ಹಾಕುತ್ತಾರೆ. ಮೆತ್ತಗಾದ ಗಿರ್ಮಿಟ್ ಮಾತ್ರ ಸೂಸಲವೂ ಅಲ್ಲ, ಗಿರ್ಮಿಟ್ಟೂ ಅಲ್ಲ.

ಚುರಮುರಿಯಿಂದ ಮೊದಲು ಮಾಡೋಣ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದೇ ಒಂದು ಬಡಾವಣೆಯಿದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಮತ್ತೆ ಹದವಾಗಿ ಕಾಯಿಸಿ, ಕೊನೆಗೆ ಕೆಂಡದಂತೆ ಕಾದ ಮರಳಿಗೆ ಸುರಿಯುತ್ತಾರೆ. ಅರಳುವುದಕ್ಕೆ ಹತ್ತು ಸೆಕೆಂಡೂ ಹಿಡಿಯುವುದಿಲ್ಲ. ಅಕ್ಕಿಯೊಳಗೆ ಉಳಿದ ತೇವ ಒಮ್ಮೆಲೇ ಹಬೆಯಾಗಿ ಕಾಳನ್ನು ಉಬ್ಬಿಸುತ್ತದೆ. ತೇವ ಹೆಚ್ಚಿದ್ದರೆ ಕಾಳು ಗಟ್ಟಿಯಾಗಿ ಕೂರುತ್ತದೆ, ಕಡಿಮೆಯಾದರೆ ಅರ್ಧ ಅರಳಿ ಸೀಯುತ್ತದೆ. ಮರಳಿನಿಂದ ಜರಡಿ ಹಿಡಿದು ತೆಗೆದಿದ್ದರಿಂದಲೇ ಚೀಲದ ತಳದಲ್ಲಿ ಒಂದಿಷ್ಟು ಮರಳು ಇದ್ದೇ ಇರುತ್ತದೆ. ತಿಳಿದ ಗಾಡಿಯವರು ಚೀಲದ ಕೊನೆಯ ನಾಲ್ಕೈದು ಸೇರನ್ನು ಮತ್ತೊಮ್ಮೆ ಜರಡಿ ಹಿಡಿಯದೆ ಡಬ್ಬಿಗೆ ಹಾಕುವುದಿಲ್ಲ. ಒಂದು ತುತ್ತಿನಲ್ಲಿ ಒಂದು ಕಾಳು ಮರಳು ಹಲ್ಲಿಗೆ ಸಿಕ್ಕರೆ ಆ ಗಿರಾಕಿ ಒಂದು ವಾರ ಈ ಕಡೆ ತಲೆ ಹಾಕುವುದಿಲ್ಲ.

ಕೊಳ್ಳುವಾಗ ಪರೀಕ್ಷೆ ಸರಳ. ಒಂದು ಕಾಳನ್ನು ಹೆಬ್ಬೆರಳು-ತೋರುಬೆರಳಿನ ನಡುವೆ ಒತ್ತಿದರೆ ಪಟ್ಟನೆ ಒಡೆಯಬೇಕು. ಬಾಗಿ, ಚಪ್ಪಟೆಯಾದರೆ ಅದು ಗಾಳಿಯ ತೇವ ಕುಡಿದ ಮಾಲು. ಬಾಯಿಗೆ ಹಾಕಿದರೆ ಹಲ್ಲಿಗೆ ಅಂಟಬಾರದು. ತುಂಬ ಉಬ್ಬಿದ ದೊಡ್ಡ ಕಾಳು ನೋಡಲು ಚೆಂದ, ಅಳತೆಗೂ ಲಾಭ. ಆದರೆ ಅದರ ಗೋಡೆ ತೆಳು, ಗೊಜ್ಜು ಬಿದ್ದ ಕೂಡಲೇ ಕುಸಿಯುತ್ತದೆ. ಗಿರ್ಮಿಟ್‌ಗೆ ಮಧ್ಯಮ ಗಾತ್ರದ, ಸ್ವಲ್ಪ ಗಟ್ಟಿ ಕಾಳೇ ಮೇಲು. ಉಪ್ಪು ಅದರೊಳಗೇ ಇರುತ್ತದೆಂಬುದನ್ನು ಮರೆತು ಗೊಜ್ಜಿಗೆ ಮನೆ ಅಡುಗೆಯ ಲೆಕ್ಕದಲ್ಲಿ ಉಪ್ಪು ಹಾಕುವುದು ಹೊಸಬರು ಮಾಡುವ ಮೊದಲ ತಪ್ಪು.

ಧಾರವಾಡದ ಮಳೆಗಾಲವಂತೂ ಈ ವ್ಯಾಪಾರದ ದೊಡ್ಡ ತಮಾಷೆ. ಜಿಟಿಜಿಟಿ ಹಿಡಿದ ಸಂಜೆಯೇ ಜನಕ್ಕೆ ಗಿರ್ಮಿಟ್, ಜೊತೆಗೆ ಮಿರ್ಚಿ ಅಂದರೆ ಮೆಣಸಿನಕಾಯಿ ಭಜಿ ನೆನಪಾಗುವುದು, ಅದೇ ಸಂಜೆಯೇ ಚುರಮುರಿ ಅತಿ ಬೇಗ ಮೆತ್ತಗಾಗುವುದು. ಗಾಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಾಣುವುದು ಅರ್ಧ ತಾಸಿಗೆ ಸಾಕಾಗುವಷ್ಟು ಮಾತ್ರ. ಉಳಿದದ್ದು ಒಳಗೊಂದು ಹೊರಗೊಂದು ಎಂದು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಗಾಡಿಯ ಕೆಳಗೆ, ಒಲೆಯ ಕಾವು ತಾಗುವ ಮೂಲೆಯಲ್ಲಿ. ಅಷ್ಟಾಗಿಯೂ ಮೆತ್ತಗಾದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು-ಮೂರು ನಿಮಿಷ ಆಡಿಸಿ, ಪೂರ್ತಿ ಆರಿದ ಮೇಲೆ ಬಳಸಬೇಕು. ಬಿಸಿ ಇದ್ದಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗಿನ ಹಬೆ ಮತ್ತೆ ಅದನ್ನೇ ಮೆತ್ತಗೆ ಮಾಡುತ್ತದೆ. ಪರದೇಶದ ಅಂಗಡಿಯ ಪೊಟ್ಟಣ ತಂದು ಗಿರ್ಮಿಟ್ ಮಾಡಲು ಹೊರಟ ಕನ್ನಡದ ಮನೆಗಳಿಗೂ ಇದೇ ಮಾತು: ಓವನ್‌ನಲ್ಲಿ 120 ಡಿಗ್ರಿಗೆ ಐದಾರು ನಿಮಿಷ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಆಮೇಲೆ ಆರಲು ಬಿಡಿ.

ಇನ್ನು ಗೊಜ್ಜು. ಗಾಡಿಯವರ ನಿಜವಾದ ಹುಚ್ಚು ಇಲ್ಲಿದೆ. ಜನ ‘ಕೈಗುಣ’ ಅಂದುಬಿಡುತ್ತಾರೆ. ಒಂದೇ ಮಾತಿನಲ್ಲಿ ಮುಗಿಸಿಬಿಡುವ ಈ ಹೊಗಳಿಕೆ, ಮಧ್ಯಾಹ್ನ ಎರಡು ತಾಸು ಒಲೆಯ ಮುಂದೆ ನಿಂತವರಿಗೆ ಸ್ವಲ್ಪ ಅನ್ಯಾಯವೇ.

ಒಂದು ಕಿಲೋ ಚುರಮುರಿಗೆ, ಅಂದರೆ ಸುಮಾರು 25 ತಟ್ಟೆಗೆ, ಮುಕ್ಕಾಲು ಕಿಲೋ ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಬೇಕು. ಎಣ್ಣೆ ಕಾಲು ಲೀಟರ್. ಓದಿದರೆ ಜಾಸ್ತಿ ಅನ್ನಿಸುತ್ತದೆ, ತಟ್ಟೆಗೆ ಎರಡು ಟೀ ಚಮಚದ ಲೆಕ್ಕ ಬೀಳುತ್ತದೆ. ಸಾಸಿವೆ, ಜೀರಿಗೆ ಒಂದೊಂದು ದೊಡ್ಡ ಚಮಚ, ಕರಿಬೇವು ಒಂದು ಹಿಡಿ, 100 ಗ್ರಾಂ ಹಸಿಮೆಣಸಿನಕಾಯಿ ತರಿತರಿಯಾಗಿ ಕುಟ್ಟಿದ್ದು, ಅರಿಸಿನ ಒಂದು ಚಮಚ. ಹುಣಸೆಹಣ್ಣು 100 ಗ್ರಾಂ, 300 ಮಿಲಿ ನೀರಲ್ಲಿ ಕಿವುಚಿ ಸೋಸಿದ್ದು. ಬೆಲ್ಲ 80 ಗ್ರಾಂ ಆಸುಪಾಸು. ಬೆಲ್ಲ ಎಷ್ಟು ಎಂಬುದರ ಮೇಲೆ ಊರೂರಿಗೆ ಜಗಳವಿದೆ, ಅದನ್ನು ಇಲ್ಲಿ ಬಗೆಹರಿಸುವುದು ಬೇಡ. ಉಪ್ಪು 20 ಗ್ರಾಂ ಸಾಕು.

ಎಣ್ಣೆ ಕಾದ ಮೇಲೆ ಸಾಸಿವೆ ಚಟಪಟ ಅಂದು ನಿಂತ ಬಳಿಕವೇ ಜೀರಿಗೆ. ಮೆಣಸಿನಕಾಯಿಯ ಹಸಿ ವಾಸನೆ ಹೋಗುವವರೆಗೆ ಹುರಿದು ಉಳ್ಳಾಗಡ್ಡಿ ಹಾಕುತ್ತಾರೆ. ಇಲ್ಲಿ ಅವಸರ ಮಾಡಿದವರ ಗೊಜ್ಜು ಸಂಜೆ ಕೈಕೊಡುತ್ತದೆ. ಅರ್ಧ ಬೆಂದ ಉಳ್ಳಾಗಡ್ಡಿ ಪಾತ್ರೆಯಲ್ಲಿ ಕೂತಲ್ಲೇ ನೀರು ಬಿಡುತ್ತದೆ. ಏಳು ಗಂಟೆಗೆ ಮೇಲೊಂದು ನೀರಿನ ಪದರ, ಆ ನೀರು ಬಿದ್ದ ಚುರಮುರಿಗೆ ಐದು ನಿಮಿಷವೂ ಇಲ್ಲ, ಎರಡೇ. ಉಳ್ಳಾಗಡ್ಡಿ ಕೆಂಪಾಗುವುದೂ ಬೇಡ, ಹೊಳಪು ಬಂದು, ಒತ್ತಿದರೆ ಮುದ್ದೆಯಾಗುವಷ್ಟು ಬೇಯಲಿ. ಹನ್ನೆರಡರಿಂದ ಹದಿನೈದು ನಿಮಿಷ ಹಿಡಿಯುತ್ತದೆ. ಆಮೇಲೆ ಹುಣಸೆ ರಸ. ಅದು ಕುದಿದು ಅರ್ಧಕ್ಕೆ ಇಳಿದ ಮೇಲೆ ಬೆಲ್ಲ, ಉಪ್ಪು. ಬೆಲ್ಲ ಮೊದಲೇ ಬಿದ್ದರೆ ತಳ ಹಿಡಿದು ಇಡೀ ಪಾತ್ರೆಗೆ ಕಹಿ ಹತ್ತುತ್ತದೆ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಗೊಜ್ಜು ಆಯಿತು ಅಂತ ಅರ್ಥ.

ಎಣ್ಣೆಯ ವಿಷಯದಲ್ಲಿ ಜಿಪುಣತನ ನಡೆಯದಿರಲು ಕಾರಣವಿದೆ. ಕಲಸುವಾಗ ಎಣ್ಣೆ ಕಾಳಿನ ಮೈಗೆ ಮೊದಲು ಹತ್ತಿ, ಹಿಂದೆ ಬರುವ ಹುಳಿನೀರನ್ನು ಒಂದಿಷ್ಟು ಹೊತ್ತು ತಡೆಯುತ್ತದೆ. ‘ಆರೋಗ್ಯಕ್ಕೆ ಒಳ್ಳೇದು’ ಎಂದು ಎಣ್ಣೆ ಅರ್ಧ ಮಾಡಿ ಮನೆಯಲ್ಲಿ ಮಾಡಿದ ಗಿರ್ಮಿಟ್ ಗಾಡಿಯದರಂತೆ ಬರುವುದಿಲ್ಲ ಎಂಬ ದೂರಿಗೆ ಬಹುಪಾಲು ಇದೇ ಉತ್ತರ. ಮಿಕ್ಕ ಉತ್ತರ ಕಾವಿನದು. ಬಿಸಿ ಗೊಜ್ಜನ್ನು ಚುರಮುರಿಗೆ ಹಾಕಿದರೆ ಹಬೆಯೇ ಕಾಳನ್ನು ಕೊಲ್ಲುತ್ತದೆ. ಮೂರು ಗಂಟೆಗೆ ಇಳಿಸಿದ ಗೊಜ್ಜು ಐದಕ್ಕೆ ಗಾಡಿಗೆ ಬರುವ ಹೊತ್ತಿಗೆ ಬೆಚ್ಚಗೆ ಮಾತ್ರ ಇರಬೇಕು. ಗಾಡಿಯ ಮೇಲೆ ಗೊಜ್ಜಿನ ಪಾತ್ರೆಯನ್ನು ಒಲೆಯಿಂದ ದೂರ ಇಟ್ಟಿರುವುದನ್ನು ಗಮನಿಸಿ. ಜಾಗ ಇಲ್ಲದ್ದಕ್ಕೆ ಅಲ್ಲಿಟ್ಟದ್ದಲ್ಲ.

ಪುಠಾಣಿ ಕಾಲು ಕಿಲೋ, ನುಣ್ಣಗೆ ಪುಡಿ ಮಾಡಿದ್ದು. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಬಿಸಿಗೆ ಪುಡಿ ಗಂಟಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜರಡಿ ಹಿಡಿಯಬೇಕು. ರುಚಿಗೆ ಹಾಕುವ ಪುಡಿ ಎಂದು ಜನ ತಿಳಿದಿರುತ್ತಾರೆ. ರುಚಿಯಂತೂ ಹೌದು, ಅದಕ್ಕಿಂತ ಹೆಚ್ಚಾಗಿ ಕಾಳಿನ ಮೇಲೆ ಉಳಿದ ತೇವವನ್ನು ಅದು ಹೀರಿಕೊಳ್ಳುತ್ತದೆ. ಹಾಗಾಗಿ ಗೊಜ್ಜು ಬಿದ್ದ ಮೇಲೆಯೇ ಪುಡಿ. ಮೊದಲೇ ಹಾಕಿದರೆ ಅದು ಪಾತ್ರೆಯ ತಳಕ್ಕೆ ಜಾರಿ ಕೂರುತ್ತದೆ.

ಕಲಸುವುದನ್ನು ಹತ್ತಿರದಿಂದ ನೋಡಬೇಕು. ಅಗಲ ಬಾಯಿಯ ಬೋಗುಣಿಗೆ ಎರಡು ದೊಡ್ಡ ಲೋಟ ಚುರಮುರಿ ಬೀಳುತ್ತದೆ, ತೂಕದಲ್ಲಿ 40 ಗ್ರಾಂ. ಗೊಜ್ಜಿನ ಚಮಚ ಪಾತ್ರೆಯ ತಳ ಮುಟ್ಟಿ, ಮೇಲಿನ ಎಣ್ಣೆಯನ್ನೂ ಕೂಡಿಸಿಕೊಂಡು ಎದ್ದು ಬರುತ್ತದೆ. ಒಂದೂವರೆ ಚಮಚ, ಒಂದೇ ಕಡೆ ಸುರಿಯದೆ ಸುತ್ತ. ಎಡಗೈ ಬೋಗುಣಿಯನ್ನು ತನ್ನ ಕಡೆ ವಾಲಿಸಿ ತಿರುಗಿಸುತ್ತಿರುತ್ತದೆ, ಬಲಗೈಯ ಚಮಚ ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಹಾಕುತ್ತದೆ. ಎಲ್ಲಿಯೂ ಒತ್ತುವುದಿಲ್ಲ. ಏಳೆಂಟು ಸಲ ಎತ್ತುವಷ್ಟರಲ್ಲಿ ಬಿಳಿ ಕಾಳೆಲ್ಲ ಹಳದಿಯಾಗಿರುತ್ತದೆ. ಒಂದು ದೊಡ್ಡ ಚಮಚ ಪುಠಾಣಿ ಹಿಟ್ಟು, ಮತ್ತೆ ಮೂರು ಸಲ ಎತ್ತಿ ಹಾಕಿದರೆ ಆಯಿತು. ಹಸಿ ಉಳ್ಳಾಗಡ್ಡಿ, ಒಂದೆರಡು ತುಣುಕು ಟೊಮೆಟೊ, ಕೊತ್ತಂಬರಿ — ಇವು ಬೋಗುಣಿಗೆ ಬೀಳುವುದಿಲ್ಲ, ತಟ್ಟೆಗೆ ಸುರಿದ ಮೇಲೆ ಮೇಲಿಂದ ಬೀಳುತ್ತವೆ. ಹಸಿ ಟೊಮೆಟೊದ ನೀರು ಒಳಗೆ ಸೇರಿದರೆ ಅಷ್ಟು ಹೊತ್ತಿನ ಕಾಳಜಿಯೆಲ್ಲ ನೀರಲ್ಲಿ ಹೋಮ. ಕೊನೆಗೆ ಶೇವು. ಮೊದಲ ಚಮಚದಿಂದ ಇಲ್ಲಿಯವರೆಗೆ ಅರ್ಧ ನಿಮಿಷ.

ಆ ಅರ್ಧ ನಿಮಿಷದಲ್ಲೇ ಗಾಡಿಯವರ ಬಾಯಿಯೂ ಓಡುತ್ತಿರುತ್ತದೆ.

“ಮಾಸ್ತರ, ನಿಮ್ದು ಹುಳಿ ಕಡಿಮಿ, ಹೌದಲ್ರಿ?”

“ಹೂಂ. ಹಸಿ ಉಳ್ಳಾಗಡ್ಡಿನೂ ಬ್ಯಾಡ ಇವತ್ತ. ಮೀಟಿಂಗ್ ಐತಿ.”

“ಹಂಗಾರ ಎರಡ ಮಿರ್ಚಿ ಜಾಸ್ತಿ ತಗೋರಿ, ಮೀಟಿಂಗಿನ್ಯಾಗ ನಿದ್ದಿ ಬರಂಗಿಲ್ಲ.”

ಮಿರ್ಚಿ ಇಲ್ಲದೆ ಗಿರ್ಮಿಟ್ ಅರ್ಧ. ಇದಕ್ಕೆ ಬೇಕಾದ್ದು ತೆಳು ಹಸಿರು ಬಣ್ಣದ, ಬೆರಳಿಗಿಂತ ಉದ್ದದ ಭಜಿ ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಹೌದು, ಅದು ಒಣಗಿದ ಕೆಂಪು ಬಣ್ಣದ ಹೆಗ್ಗಳಿಕೆ. ಮಿರ್ಚಿಗೂ ಅದಕ್ಕೂ ಸಂಬಂಧವಿಲ್ಲ. ತೊಳೆದ ಮೆಣಸಿನಕಾಯಿಯನ್ನು ಬಟ್ಟೆಯಲ್ಲಿ ಒಂದೊಂದಾಗಿ ಒರೆಸಬೇಕು. ಮೈ ಒದ್ದೆ ಇದ್ದರೆ ಹಿಟ್ಟು ಹಿಡಿಯದೆ ಎಣ್ಣೆಯಲ್ಲಿ ಕೋಟು ಕಳಚಿದಂತೆ ಜಾರುತ್ತದೆ. ಒಂದು ಬದಿಗೆ ಉದ್ದಕ್ಕೆ ಸೀಳಬೇಕು, ತೊಟ್ಟು ಬಿಡಬೇಕು. ಸೀಳುವುದು ಒಳಗೆ ಉಪ್ಪು-ಜೀರಿಗೆ-ಹುಣಸೆ ಸವರಲು ಮಾತ್ರವಲ್ಲ. ಸೀಳದ ಮೆಣಸಿನಕಾಯಿಯೊಳಗೆ ಗಾಳಿ, ಹಬೆ ತುಂಬಿ ಎಣ್ಣೆಯಲ್ಲೇ ಸಿಡಿಯುತ್ತದೆ. ಗಾಡಿಯವರ ಮುಂಗೈ ಮೇಲಿನ ಬಿಳಿ ಕಲೆಗಳು ಹೀಗೆ ಬಂದವೇ.

ಒಂದು ಕಿಲೋ ಕಡಲೆಹಿಟ್ಟಿಗೆ ನೀರು ಒಂದು ಲೀಟರಿನಿಂದ ತುಸು ಮೇಲೆ, ಉಪ್ಪು 20–25 ಗ್ರಾಂ, ಅಜವಾನ ಎರಡು ಚಮಚ ಅಂಗೈಯಲ್ಲಿ ತಿಕ್ಕಿ ಹಾಕಿದ್ದು, ಸೋಡಾ ಅರ್ಧ ಚಮಚ, ಕಾದ ಎಣ್ಣೆ ಎರಡು ದೊಡ್ಡ ಚಮಚ. ದೊಡ್ಡ ಮಿರ್ಚಿಯಾದರೆ 45ರಿಂದ 50 ಆಗುತ್ತವೆ. ನೀರನ್ನು ಒಮ್ಮೆಲೇ ಸುರಿದರೆ ಗಂಟು ಒಡೆಯುವುದಿಲ್ಲ. ಮೊದಲು ಮುಕ್ಕಾಲು ಭಾಗ ಹಾಕಿ ದಪ್ಪಗೆ ಕಲಸಿ, ಕೈಯಲ್ಲೇ ಐದು ನಿಮಿಷ ಒಂದೇ ದಿಕ್ಕಿಗೆ ಬೀಸಿ, ಆಮೇಲೆ ಉಳಿದ ನೀರು. ಬೆರಳು ಅದ್ದಿ ಎತ್ತಿದರೆ ಹಿಟ್ಟು ಬೆರಳನ್ನು ಮುಚ್ಚಿಕೊಂಡು, ತುದಿಯಿಂದ ನಿಧಾನಕ್ಕೆ ಒಂದು ಹನಿ ಇಳಿಯಬೇಕು. ಹಿಟ್ಟು ತೆಳುವಾದರೆ ಬಾಲ ಬೆಳೆಯುತ್ತದೆ, ಎಣ್ಣೆ ಕುಡಿಯುತ್ತದೆ. ದಪ್ಪವಾದರೆ ಹೊರಗೆ ಬಣ್ಣ ಬಂದರೂ ಮೆಣಸಿನಕಾಯಿಗೆ ತಾಗಿದ ಪದರ ಹಸಿಹಸಿ. ಸೋಡಾ ಜಾಸ್ತಿಯಾದರೆ ಮಿರ್ಚಿ ಚೆನ್ನಾಗಿ ಉಬ್ಬಿ, ಬೇಗ ಕೆಂಪಾಗಿ, ಕಚ್ಚಿದರೆ ಸಾಬೂನಿನ ರುಚಿ. ಸೋಡಾ ಹಾಕಿದ ಹಿಟ್ಟು ಇಪ್ಪತ್ತು ನಿಮಿಷದಾಚೆ ಜೀವ ಕಳೆದುಕೊಳ್ಳುತ್ತದೆ. ಅದಕ್ಕೇ ತಿಳಿದವರು ದೊಡ್ಡ ಪಾತ್ರೆಯಲ್ಲಿ ಸೋಡಾ ಇಲ್ಲದ ಹಿಟ್ಟು ಇಟ್ಟುಕೊಂಡು, ಒಂದೊಂದು ಸುತ್ತಿಗೆ ಸಣ್ಣ ಬೋಗುಣಿಗೆ ತೆಗೆದು ಚಿಟಿಕೆ ಸೋಡಾ ಸೇರಿಸುತ್ತಾರೆ. ಅಗ್ಗದ ‘ಕಡಲೆಹಿಟ್ಟಿ’ನಲ್ಲಿ ಬಟಾಣಿ ಹಿಟ್ಟು ಬೆರೆತಿದ್ದರೆ ಮಿರ್ಚಿ ಆರಿದ ಮೇಲೆ ಚರ್ಮದಂತೆ ಗಟ್ಟಿಯಾಗುತ್ತದೆ.

ಎಣ್ಣೆ 170–180 ಡಿಗ್ರಿ ಇರಬೇಕು. ಗಾಡಿಯ ಮೇಲೆ ಥರ್ಮಾಮೀಟರ್ ಎಲ್ಲಿಯದು? ಒಂದು ಹನಿ ಹಿಟ್ಟು ಬಿಡುತ್ತಾರೆ. ತಳಕ್ಕೆ ಹೋಗಿ ಕೂತರೆ ಕಾದಿಲ್ಲ, ಬಿದ್ದ ಕೂಡಲೇ ಮೇಲೆದ್ದು ಕಂದಾದರೆ ಅತಿಯಾಗಿದೆ, ಅರ್ಧ ಮುಳುಗಿ ನೊರೆಯೊಂದಿಗೆ ಮೇಲೆ ಬಂದರೆ ಸರಿ. ಒಮ್ಮೆಗೆ ಎಂಟು-ಹತ್ತಕ್ಕಿಂತ ಹೆಚ್ಚು ಬಿಟ್ಟರೆ ಎಣ್ಣೆಯ ಕಾವು ಇಳಿದು ಎಲ್ಲವೂ ಎಣ್ಣೆ ಕುಡಿದು ಕೂರುತ್ತವೆ. ಮುಂದೆ ಇಪ್ಪತ್ತು ಜನ ನಿಂತಿರುವಾಗ ಹತ್ತಕ್ಕೇ ನಿಲ್ಲಿಸುವುದು ಸುಲಭದ ಮಾತಲ್ಲ. ನನ್ನ ಪ್ರಕಾರ ಒಳ್ಳೆಯ ಗಾಡಿಯನ್ನು ಸಾಧಾರಣ ಗಾಡಿಯಿಂದ ಬೇರೆ ಮಾಡುವುದು ಈ ಒಂದು ಸಂಯಮ. ಮಸಾಲೆಯ ಗುಟ್ಟು ಅಂತೆಲ್ಲ ಹೇಳುವುದು ಆಮೇಲಿನ ಮಾತು.

ಎಣ್ಣೆ ಬೇಗ ಕೆಡುವುದು ತಳದಲ್ಲಿ ಸುಟ್ಟು ಕೂತ ಹಿಟ್ಟಿನ ಚೂರಿನಿಂದ. ಪ್ರತಿ ಸುತ್ತಿಗೂ ಜಾಲರಿ ಸೌಟಿನಲ್ಲಿ ಅದನ್ನು ತೆಗೆಯುತ್ತಿದ್ದರೆ ಎಣ್ಣೆಯ ಬಾಳಿಕೆ ಹೆಚ್ಚು. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದರೆ ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಇದೆ. ಅದನ್ನು ಅಳೆಯುವ ಉಪಕರಣ ಗಿರಾಕಿಯ ಹತ್ತಿರ ಇರುವುದಿಲ್ಲ, ಕಣ್ಣಿರುತ್ತದೆ. ಎಣ್ಣೆ ಕಪ್ಪಗಿದ್ದು, ಮೇಲೆ ಸಣ್ಣ ನೊರೆ ಒಡೆಯದೆ ನಿಂತು, ಏನೂ ಬಿಡುವ ಮೊದಲೇ ಹೊಗೆ ಬರುತ್ತಿದ್ದರೆ ಮುಂದಿನ ಗಾಡಿಗೆ ಹೋಗಿ. ಸುದ್ದಿಪತ್ರಿಕೆಯ ಹಾಳೆಯಲ್ಲಿ ಮಿರ್ಚಿ ಕೊಡುವುದಕ್ಕೂ ನಿಷೇಧವಿದೆ, ಶಾಯಿ ಬಿಸಿ ಎಣ್ಣೆಗೆ ಕರಗುತ್ತದೆ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ನಿಷೇಧಿಸಿದಾಗ ಗಿರ್ಮಿಟ್ ಗಾಡಿಗಳಿಗೆ ಏನೂ ಆಗಲಿಲ್ಲ. ಇದರ ಹಳದಿ ಅರಿಸಿನದ್ದು.

ಜನದ ಕಡೆ ಬರೋಣ. ಒಂದು ತಟ್ಟೆಗೆ ಅರ್ಧ ನಿಮಿಷ, ಒಂದು ಸುತ್ತು ಮಿರ್ಚಿಗೆ ನಾಲ್ಕೈದು ನಿಮಿಷ. ಹತ್ತು ಜನ ಇದ್ದರೆ ಹತ್ತು ನಿಮಿಷ ನಿಲ್ಲುವುದು ಗ್ಯಾರಂಟಿ. ಹೋಟೆಲಿನಲ್ಲಿ ಟೇಬಲ್ ಟೇಬಲಿಗೆ ಬೆನ್ನು ತಿರುಗಿಸಿ ಕೂರುತ್ತೇವೆ. ಗಾಡಿಯ ಸುತ್ತ ಎಲ್ಲರ ಮುಖವೂ ಬಾಣಲೆಯ ಕಡೆ, ಅಂದರೆ ಒಬ್ಬರಿಗೊಬ್ಬರು ಎದುರಾಗಿಯೇ. ಮೇಷ್ಟ್ರು, ಅವರದೇ ಕ್ಲಾಸಿನ ಹುಡುಗ, ಆಟೋದವರು, ಬ್ಯಾಂಕಿನ ಮೇಡಂ, ಸಂತೆ ಮುಗಿಸಿದ ಅಜ್ಜಿ — ಎಲ್ಲರಿಗೂ ತಟ್ಟೆ ಒಂದೇ ಅಳತೆಯದು. ಯಾರ ಮಿರ್ಚಿ ಮೊದಲು ಎಂಬ ಲೆಕ್ಕ ಗಾಡಿಯವರ ತಲೆಯಲ್ಲಿದೆ, ತಪ್ಪಿದರೆ ಗುಂಪೇ ಸರಿಪಡಿಸುತ್ತದೆ: “ಅಣ್ಣಾರ, ಈ ಅಕ್ಕಾರ ನನ್ನಕ್ಕಿಂತ ಮೊದ್ಲ ಬಂದಾರ್ರಿ.” ಸರದಿಯ ವಿಷಯದಲ್ಲಿ ನಾವು ಬೇರೆಲ್ಲೂ ಇಷ್ಟು ಪ್ರಾಮಾಣಿಕರಲ್ಲ ಎಂಬುದು ಬಸ್ಸಿನ ಬಾಗಿಲು ನೋಡಿದವರಿಗೆ ಗೊತ್ತು.

ಖಾಯಂ ಗಿರಾಕಿ ಅಂದರೆ ಯಾರು ಎಂಬುದಕ್ಕೂ ಒಂದು ಅಳತೆಯಿದೆ. ಹೆಸರು ಗೊತ್ತಿರಬೇಕಿಲ್ಲ, ಹದ ಗೊತ್ತಿರಬೇಕು. ‘ಹುಳಿ ಕಡಿಮೆ’, ‘ಬೆಲ್ಲ ಜಾಸ್ತಿ’, ‘ಶೇವು ಬ್ಯಾಡ’ — ಗಾಡಿಯವರ ನೆನಪಿನ ಪುಸ್ತಕದಲ್ಲಿ ಜನ ಹೀಗೆ ದಾಖಲಾಗಿರುತ್ತಾರೆ. ಇದು ನಡೆಯುವುದು ಹೇಗೆಂದರೆ, ಪಾತ್ರೆಯಲ್ಲಿರುವ ಗೊಜ್ಜನ್ನು ಯಾವಾಗಲೂ ನಡುಮಟ್ಟದ ಖಾರಕ್ಕೇ ಮಾಡಿರುತ್ತಾರೆ. ಪಕ್ಕದಲ್ಲಿ ಕುಟ್ಟಿದ ಹಸಿಮೆಣಸಿನಕಾಯಿಯ ಒಂದು ಬಟ್ಟಲು, ಗಟ್ಟಿ ಹುಣಸೆ-ಬೆಲ್ಲದ ಒಂದು ಬಟ್ಟಲು. ಖಾರ ಬೇಕಾದವರಿಗೆ ಮೊದಲನೆಯದರಿಂದ, ಮಕ್ಕಳಿಗೆ ಎರಡನೆಯದರಿಂದ. ಮಕ್ಕಳ ತಟ್ಟೆಗೆ ಗೊಜ್ಜು ಅರ್ಧಕ್ಕೆ ಇಳಿಸಿ ಪುಠಾಣಿ ಹಿಟ್ಟು ದುಪ್ಪಟ್ಟು ಮಾಡುವುದು ಎಲ್ಲ ಗಾಡಿಗಳ ಹಳೆ ಉಪಾಯ. ಒಂದು ಪಾತ್ರೆ ಗೊಜ್ಜಿನಿಂದ ಐವತ್ತು ರುಚಿ ತೆಗೆಯುವ ಈ ವ್ಯವಸ್ಥೆ ಇಲ್ಲದಿದ್ದರೆ ನೆನಪು ಎಷ್ಟಿದ್ದೂ ಉಪಯೋಗವಿಲ್ಲ.

ಪ್ರೀತಿಗೆ ಪ್ರತಿಯಾಗಿ ಜನ ಮಾಡುವುದೂ ಸಣ್ಣ ಸಣ್ಣದೇ. ಗಾಡಿಯವರು ನೀರು ತರಲು ಹೋದರೆ ಯಾರೋ ಒಬ್ಬರು ಒಲೆ ಸಣ್ಣ ಮಾಡಿ ನಿಂತಿರುತ್ತಾರೆ. ಎರಡು ದಿನ ಗಾಡಿ ಬರದಿದ್ದರೆ ಪಕ್ಕದ ಪಾನಂಗಡಿಯವರನ್ನು ಹತ್ತು ಜನ ಕೇಳಿರುತ್ತಾರೆ. ತಿಂಗಳ ಕೊನೆಯಲ್ಲಿ ಹಾಸ್ಟೆಲಿನ ಹುಡುಗರ ಉದ್ರಿ ನಡೆಯುತ್ತದೆ, ಒಂದನೇ ತಾರೀಕಿನ ಹೊತ್ತಿಗೆ ತೀರುತ್ತದೆ. ತೀರಿಸದೆ ಊರು ಬಿಟ್ಟವನೂ ಇರುತ್ತಾನೆ. ಬಾಯಿಲೆಕ್ಕದ ಈ ಉದ್ರಿ ಕ್ಯೂಆರ್ ಕೋಡ್ ಬಂದ ಮೇಲೆ ಕಡಿಮೆಯಾಗಿದೆ. ಪೆಟ್ಟಿಗೆ ‘ಬಂತು’ ಎಂದು ಕೂಗುತ್ತದೆ, ಗಾಡಿಯವರು ಹಿಟ್ಟಿನ ಕೈ ಒರೆಸಿಕೊಂಡು ಚಿಲ್ಲರೆ ಹುಡುಕುವುದು ತಪ್ಪಿದೆ. ಆದರೆ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಎಷ್ಟೋ ಕಡೆ ಕೋಡಿನ ಮೇಲೆ ಕಾಗದ ಅಂಟಿಸಿ ‘ನಗದು ಮಾತ್ರ’ ಎಂದು ಬರೆದರು. ಗಾಬರಿ ಸ್ವಾಭಾವಿಕವೇ. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟದ ವಹಿವಾಟಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ ಎಂಬುದನ್ನು ಗಾಡಿಯವರಿಗೆ ಬಿಡಿಸಿ ಹೇಳಲು ಸರದಿಯಲ್ಲಿ ನಿಂತ ಕಾಮರ್ಸ್ ಹುಡುಗರಿಗಿಂತ ಒಳ್ಳೆಯವರು ಯಾರಿದ್ದಾರೆ?

ಗಾಡಿ ಎತ್ತಿಸುವ ದಿನ ಬಂದಾಗಲೂ ಗೊತ್ತಿರಬೇಕಾದ ಒಂದೆರಡು ಸಂಗತಿ ಇವೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನದ ನೋಟಿಸು ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಕೇಳಿ ಹೋದವರಿಗೆ ಕೆಡುವ ಸಾಮಾನು ಅದೇ ದಿನ, ಕೆಡದ ಸಾಮಾನು ಎರಡು ಕೆಲಸದ ದಿನದೊಳಗೆ ವಾಪಸ್ ಸಿಗಬೇಕು. ಗೊಜ್ಜು, ಹೆಚ್ಚಿದ ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲ ಕೆಡುವ ಪಟ್ಟಿಗೇ ಸೇರುತ್ತವೆ. ಈ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಜಾಗ ವ್ಯಾಪಾರಿಗಳದೇ. ಜಾಗದ ಗುರುತು ಇದ್ದವರಿಗೇ ಸಾಲವೂ ಸಲೀಸು. 2020ರ ಜೂನಿನಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲ ಯೋಜನೆಯಲ್ಲಿ ಮೊದಲ ಕಂತು 10,000 ರೂಪಾಯಿ ಇತ್ತು. ಒಂದು ಹಳೆ ಗಾಡಿಯ ಗಾಲಿ, ಬರ್ನರ್, ಎರಡು ದೊಡ್ಡ ಪಾತ್ರೆ ಬದಲಿಸಲು ಅಷ್ಟು ಸಾಕು, ಹೊಸ ಗಾಡಿಗೆ ಸಾಲದು. ಅಂದಹಾಗೆ ಗಾಡಿಯ ಕೆಳಗಿನದು ವಾಣಿಜ್ಯ ಸಿಲಿಂಡರ್ ಆಗಿರಬೇಕು. ಮನೆಯ 14.2 ಕಿಲೋದ್ದನ್ನು ತಂದರೆ ಜಪ್ತಿಗೆ ಅದೇ ಮೊದಲ ನೆಪ.

ಎಂಟೂವರೆಗೆ ಗೊಜ್ಜಿನ ಪಾತ್ರೆಯ ತಳ ಕಾಣಬೇಕು. ದಿನದ ಅಂದಾಜು ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಆಗಲೇ. ಹುಣಸೆ, ಎಣ್ಣೆ ಇರುವುದರಿಂದ ಗೊಜ್ಜು ಮರುದಿನಕ್ಕೂ ಹುಳಿಯುವುದಿಲ್ಲ ನಿಜ. ಆದರೂ ನಿನ್ನೆಯ ಗೊಜ್ಜಿನ ಉಳ್ಳಾಗಡ್ಡಿ ಕರಗಿ ಸಿಹಿ ಮೇಲೇರಿರುತ್ತದೆ, ಖಾಯಂ ಗಿರಾಕಿಗಳ ನಾಲಿಗೆಗೆ ಅದು ಗೊತ್ತಾಗಿಬಿಡುತ್ತದೆ. ಹಾಗಾಗಿ ಏಳು ಗಂಟೆಗೆ ಮಳೆ ಜೋರಾಗಿ ಜನ ಚದುರಿದರೆ ಉಳಿದದ್ದು ಗಾಡಿಯವರ ಮನೆಯ ರಾತ್ರಿ ಊಟಕ್ಕೆ ರೊಟ್ಟಿ ಜೊತೆ ಹೋಗುತ್ತದೆ. ಕಡಲೆಹಿಟ್ಟು ಉಳಿದರೆ ಉಳ್ಳಾಗಡ್ಡಿ ಸೀಳಿ ಹಾಕಿ ಭಜಿ ಮಾಡಿ, ಕೊನೆಗೆ ನಿಂತ ನಾಲ್ಕು ಜನರ ಕೈಗೆ ಎರಡೆರಡು ಹಾಕುತ್ತಾರೆ, ರೊಕ್ಕ ತಗೊಳ್ಳುವುದಿಲ್ಲ. ಇದಕ್ಕಾಗಿಯೇ ತಡವಾಗಿ ಬರುವವರೂ ಇದ್ದಾರೆ.

ಗಾಡಿ ತೆಗೆಯುವ ಹೊತ್ತಿಗೆ ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ: “ಕಾಕಾ, ಮನಿಗೆ ಎರಡ ಪಾರ್ಸಲ್ ಕಟ್ರಿ. ಅವ್ವಾಗ ಬೇಕಂತ.”

ಆಗ ಮೂರು ಪೊಟ್ಟಣ ಬರುತ್ತವೆ. ಒಂದರಲ್ಲಿ ಚುರಮುರಿ, ಒಂದರಲ್ಲಿ ಗಂಟು ಕಟ್ಟಿದ ಗೊಜ್ಜು, ಕಾಗದದ ಸಣ್ಣ ಪೊಟ್ಟಣದಲ್ಲಿ ಪುಠಾಣಿ ಹಿಟ್ಟು. ಕೊಡುವಾಗ ಗಾಡಿಯವರು ಮೂರನ್ನೂ ಒಂದೊಂದಾಗಿ ಮುಟ್ಟಿ ತೋರಿಸುತ್ತಾರೆ.

“ಮೊದ್ಲ ಇದು, ಆಮ್ಯಾಲ ಇದು, ಕಡೀಕ ಹಿಟ್ಟು. ಅವ್ವಾರ ತಾಟು ಮುಂದ ಇಟ್ಕೊಂಡು ಕುಂತ ಮ್ಯಾಲ ಕಲಸು ತಮ್ಮಾ. ಅದಕ್ಕಿಂತ ಮೊದ್ಲ ಬ್ಯಾಡ.”